ಮನೆಯವರ ಒಪ್ಪಿಗೆ

ಶಿವಗಂಗಾ ಆ ಮಾತು ತೆಗೆದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಆಕೆಯ ವಾರದ ರಜೆ, ಮಧ್ಯಾಹ್ನದ ಹೊತ್ತು. ತಂದೆ ಕರಿಬಸಯ್ಯ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಮಣೆಯ ಮೇಲೆ ಕೂತು ರೊಟ್ಟಿ ಮುರಿದಿದ್ದರು. ಅಣ್ಣ ಗುರುಬಸವ ಬೀಜ-ಗೊಬ್ಬರದ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು, ಒಂದು ಕಣ್ಣು ಫೋನಿನ ಮೇಲಿಟ್ಟು ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದ. ಅವನ ಹೆಂಡತಿ, ಶಿವಗಂಗಾಳ ವೈನಿ ವೀರಭದ್ರಮ್ಮ ಅಡುಗೆಮನೆಯಲ್ಲಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು.

“ನಾ ಒಂದು ತಂದು ಸಾಕಬೇಕಂತ ಮಾಡೀನಿ,” ಎಂದಳು ಶಿವಗಂಗಾ.

“ಏನು, ಆಕಳಾ?” ಗುರುಬಸವ ಫೋನಿನಿಂದ ಕಣ್ಣು ತೆಗೆಯಲಿಲ್ಲ. “ಹಿತ್ತಲದಾಗ ಜಾಗ ಎಲ್ಲೈತಿ ಬೇ?”

“ಆಕಳಲ್ಲಣ್ಣ. ಕೂಸು. ಹೆಣ್ಣುಕೂಸು. ನೋಡಾಕ ಯಾರೂ ಇಲ್ಲದ್ದು.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕರಿಬಸಯ್ಯ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ನಿಧಾನಕ್ಕೆ ಕೇಳಿದರು: “ಯಾವ ಕುಲದ್ದು?”

“ಯಾವ ಕೂಸಂತ ಇನ್ನಾ ಗೊತ್ತಿಲ್ಲಪ್ಪ. ಅರ್ಜಿ ಹಾಕ್ಬೇಕು.”

“ಗೊತ್ತಿಲ್ಲದ್ದನ್ನ ಪೂಜಿ ಮಾಡೋ ಮನಿಯಾಗ ಹ್ಯಾಂಗ ತರ್ತೀ?”

“ನನ್ನ ಮಗಳು ರಂಜನಿನ್ನ ಮದುವಿ ಮಾಡಿ ಕೊಟ್ಟು ಎರಡು ತಿಂಗಳಾಗಿಲ್ಲ,” ಗುರುಬಸವನ ದನಿ ಏರಿತು. “ಬೀಗ್ರು ಕೇಳಿದ್ರ ಏನ್ ಹೇಳ್ಲಿ? ಮದುವಿ ಇಲ್ಲದ ನಮ್ಮ ತಂಗಿಗೆ ಮಗಳು ಬಂದಾಳ ಅಂತ ಹೇಳ್ಲೇನು?”

“ಹಂಗೇ ಹೇಳು. ಅದರಾಗ ಸುಳ್ಳೇನೈತಿ?”

ಗುರುಬಸವ ಕೈ ತೊಳೆದು ಎದ್ದ. ವೀರಭದ್ರಮ್ಮ ಒಳಗಿಂದ ಬಂದು ಶಿವಗಂಗಾಳ ತಟ್ಟೆಗೆ ಅನ್ನ ಬಡಿಸಿ, ಸಾರು ಹಾಕಿ, ಮುಖ ನೋಡದೆ ಒಳಗೆ ಹೋದಳು.

ನಲವತ್ತನಾಲ್ಕು ವರ್ಷದ ಶಿವಗಂಗಾ ಹದಿನಾರು ವರ್ಷದಿಂದ ಬಸ್ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ತಿರುಗಿ ಅದೇ ದಾರಿ. ಆಕೆಗೆ ವರ ನೋಡುವ ವಯಸ್ಸಿನಲ್ಲಿ ತಾಯಿಗೆ ಲಕ್ವಾ ಹೊಡೆದಿತ್ತು. ಒಂಬತ್ತು ವರ್ಷ ತಾಯಿಯ ಹಾಸಿಗೆ ಬದಲಿಸಿ, ತಲೆ ಬಾಚಿ, ಗಂಜಿ ಕುಡಿಸಿದ್ದು ಈಕೆಯೇ. ತಾಯಿ ತೀರಿಕೊಂಡ ವರ್ಷ ನೌಕರಿ ಸಿಕ್ಕಿತು. ಅಷ್ಟರಲ್ಲಿ ನೋಡಲು ಬರುವವರೂ ನಿಂತಿದ್ದರು. ಅಣ್ಣನ ಮಗಳು ಶಿವರಂಜನಿ ಮೂರು ವರ್ಷದವಳಿದ್ದಾಗಿನಿಂದ ಅತ್ತೆಯ ಕೋಣೆಯಲ್ಲೇ ಮಲಗುತ್ತಿದ್ದಳು. ಆ ಹುಡುಗಿಯನ್ನು ಈ ಮಾಘದಲ್ಲಿ ಗಂಗಾವತಿಗೆ ಕೊಟ್ಟರು.

ದಿನಕ್ಕೆ ಮುನ್ನೂರು ನಾನೂರು ಮಂದಿಯ ಮೈಗೆ ಮೈ ತಾಗಿಸಿಕೊಂಡು ಓಡಾಡುವವಳು ಶಿವಗಂಗಾ. ಮುಂದೆ ಹೋಗ್ರಿ, ಚಿಲ್ಲರೆ ಕೊಡ್ರಿ, ಆಧಾರ್ ತೋರಸವ್ವ ಎಂದು ಕೂಗಿ ಕೂಗಿ ಸಂಜೆಗೆ ಗಂಟಲು ಒಣಗಿರುತ್ತಿತ್ತು. ಮನೆಗೆ ಬಂದರೆ ಮುಚ್ಚಿಟ್ಟ ತಟ್ಟೆ. ಒಳಗೆ ಟೀವಿಯ ಮುಂದೆ ಎಲ್ಲರೂ ಇರುತ್ತಿದ್ದರು, ಆದರೆ ‘ಬಂದ್ಯಾ ಅತ್ತಿ’ ಎಂದು ಎದ್ದು ಬರುತ್ತಿದ್ದವಳು ಈಗ ಗಂಗಾವತಿಯಲ್ಲಿದ್ದಳು. ಮೊದಮೊದಲು ರಂಜನಿ ದಿನಾ ಫೋನು ಮಾಡುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆಯಾಯಿತು. ಅದು ತಪ್ಪೇನಲ್ಲ. ಹೊಸ ಮನೆ, ಹೊಸ ಮಂದಿ.

ಕೂಸಿನ ವಿಚಾರ ತಲೆಗೆ ಹೊಕ್ಕಿದ್ದು ಬಸ್ಸಿನಲ್ಲೇ. ಲಿಂಗಸುಗೂರಿನ ಒಂದು ಟ್ರಸ್ಟಿನಲ್ಲಿ ಕೆಲಸ ಮಾಡುವ ಅನಿಲಕುಮಾರ ಎಂಬವನು ದಿನಾ ಮಸ್ಕಿಯಲ್ಲಿ ಹತ್ತುತ್ತಿದ್ದ. ಮೂವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಅಂಗಿಯ, ನಗುಮುಖದ ಮನುಷ್ಯ. ಒಂದು ದಿನ ಆಕೆಯ ಕೈಗೊಂದು ಕರಪತ್ರ ಕೊಟ್ಟ. ಅನಾಥ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಬೆಳೆಸುವವರು ಬೇಕಾಗಿದ್ದಾರೆ, ಒಂಟಿ ಮಹಿಳೆಯರೂ ಆಗಬಹುದು ಎಂದು ಅದರಲ್ಲಿತ್ತು. ‘ಒಂಟಿ ಮಹಿಳೆಯರೂ’ ಎಂಬಲ್ಲಿ ಆಕೆಯ ಕಣ್ಣು ನಿಂತಿತು.

ಮನೆಯಲ್ಲಿ ಜಗಳವಾದ ಮರುವಾರ, ಲಿಂಗಸುಗೂರಿನಲ್ಲಿ ಬಸ್ಸಿಗೆ ನಲವತ್ತು ನಿಮಿಷ ಬಿಡುವಿದ್ದಾಗ, ಶಿವಗಂಗಾ ಖಾಕಿ ಅಂಗಿಯಲ್ಲೇ ಟ್ರಸ್ಟಿನ ಕಚೇರಿಗೆ ಹೋದಳು. ಅನಿಲಕುಮಾರ ಕುರ್ಚಿ ಎಳೆದು ಕೂಡಿಸಿದ, ಚಹಾ ತರಿಸಿದ.

“ಅಕ್ಕಾರ, ನೀವು ಒಂಚೂರೂ ಫಿಕರ್ ಮಾಡಬ್ಯಾಡ್ರಿ. ಸರಕಾರಿ ಕಚೇರಿಗೆ ಹೋದ್ರ ವರ್ಷಗಟ್ಟಲೆ ಚಪ್ಪಲಿ ಸವಸ್ತೀರಿ. ನಮ್ಮಲ್ಲಿ ಹದಿನೈದು ದಿನ. ನಿಮ್ಮದೊಂದು ಸಹಿ, ಎರಡು ಫೋಟೋ.”

“ಮನಿಯಾಗಿನವ್ರು ಒಪ್ಪವಲ್ರು.”

“ಅವ್ರನ್ನ ಯಾಕ ಕೇಳ್ತೀರಿ? ಕೂಸು ಮನಿಗೆ ಬಂತಂದ್ರ ತಾವಾಗೇ ಹೊಂದ್ಕೋತಾರ. ನಿಮ್ಮ ಕುಲದ ಪೈಕಿ ಕೂಸೇ ಬೇಕಂದ್ರೂ ನೋಡೂಣು.” ಅವನು ತನ್ನ ಫೋನಿನಲ್ಲಿ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಹುಡುಗಿಯರು. ಎಲ್ಲರೂ ಒಂದೇ ನೀಲಿ ಗೋಡೆಯ ಮುಂದೆ ನಿಂತಿದ್ದರು. “ನೋಡ್ರಿ, ಈಕಿ ಆರು. ಈಕಿ ಎಂಟು. ಈಕಿ ಹನ್ನೆರಡು, ಕೆಲಸದಾಗೂ ಚುರುಕದಾಳ.”

ಹದಿನೈದು ದಿನ ಎಂಬ ಮಾತು ಶಿವಗಂಗಾಳ ಎದೆಯಲ್ಲಿ ಬೆಚ್ಚಗೆ ಕೂತುಬಿಟ್ಟಿತು. ಅಂದು ತಿರುಗಿ ಬರುವಾಗ ಸೀಟಿಗಾಗಿ ಜಗಳವಾಡಿದ ಇಬ್ಬರು ಹೆಂಗಸರ ಮೇಲೂ ಆಕೆ ರೇಗಲಿಲ್ಲ.

ಎರಡು ದಿನದ ಮೇಲೆ ಗುರುಬಸವನೇ ಮಾತು ತೆಗೆದ. ಯಾರೋ ಅಂಗಡಿಗೆ ಬಂದವರು ಟ್ರಸ್ಟಿನ ಸುದ್ದಿ ಹೇಳಿದ್ದರು.

“ಗಂಗಾ, ನೀ ಅಷ್ಟು ಹಟ ಹಿಡಿದ್ರ ಆ ಟ್ರಸ್ಟಿನ್ಯಾಗ ನೋಡು. ಸರಕಾರದವ್ರು ಬ್ಯಾಡ. ಅವ್ರು ಮನಿಗೆ ಬಂದು ಅದು ತೋರಸ್ರಿ, ಇದು ತೋರಸ್ರಿ ಅಂತಾರ. ಟ್ರಸ್ಟಿನವ್ರು ಕೊಟ್ರಂದ್ರ ಮುಗೀತು, ತಿರುಗಿ ಬಂದು ಕೇಳಂಗಿಲ್ಲ. ಒಂದು ಹನ್ನೆರಡು ಹದಿಮೂರು ವರ್ಷದ್ದು ತಗೊಂಡ್ರ ನಿಮ್ಮ ವೈನಿಗೂ ಕೈಯಾಗ ಒಂದು ಆಸರ ಆಗತೈತಿ. ಆಕಿ ಮೊಳಕಾಲು ನೋವು ನೀನೇ ನೋಡೀ.”

“ನಾ ಕೂಸು ತರ್ತೀನಂದ್ರ, ನೀ ಕೆಲಸದಾಕಿನ್ನ ತಾ ಅಂತಿ.”

“ಅನ್ನ ಹಾಕಿ, ಅರಿವಿ ಕೊಟ್ಟು, ನಾಕು ಕೆಲಸ ಹೇಳಿದ್ರ ತಪ್ಪೇನು? ರಂಜನಿ ಮಾಡಿಲ್ಲೇನು?”

“ರಂಜನಿ ಎಂದು ಮಾಡ್ಯಾಳ?” ಎಂದು ವೀರಭದ್ರಮ್ಮ ಒಳಗಿಂದ ಹೇಳಿದಳು. ಅಷ್ಟೇ ಹೇಳಿದಳು.

ಅಣ್ಣ ಒಪ್ಪಿದ್ದರಿಂದಲೇ ಶಿವಗಂಗಾಳಿಗೆ ಅಳುಕು ಹುಟ್ಟಿತು. ಅವನಿಗೆ ಸಲೀಸಾಗಿ ಕಂಡ ದಾರಿಯಲ್ಲಿ ತನಗೆ ಕಾಣದ ಏನೋ ಇದೆ ಅನ್ನಿಸಿತು. ಮರುದಿನ ಪಾಳಿ ಬದಲಿಸಿಕೊಂಡು ಸಿಂಧನೂರಿನ ಸರ್ಕಾರಿ ಕಚೇರಿಗೆ ಹೋದಳು. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ಮಾಸುಂಬಿ ಎಂಬವರನ್ನು ವಾರಕ್ಕೊಂದು ದಿನ ರಾಯಚೂರಿನಿಂದ ಅಲ್ಲಿಗೆ ಕಳಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು. ದಪ್ಪ ಕನ್ನಡಕ, ತಲೆಯ ಮೇಲೆ ಸೆರಗು. ಚಹಾ ತರಿಸಲಿಲ್ಲ, ನಗಲೂ ಇಲ್ಲ. ಎಂಟು ಹಾಳೆಯ ಅರ್ಜಿ ಮುಂದಿಟ್ಟರು.

“ಪೊಲೀಸರ ಕಾಗದ ಬೇಕು. ದವಾಖಾನಿ ಕಾಗದ ಬೇಕು. ನಿಮ್ಮ ಬಗ್ಗೆ ಹೇಳಾಕ ಇಬ್ಬರು ಬೇಕು. ಆಮ್ಯಾಲ ನಾ ಮನಿಗೆ ಬರ್ತೀನಿ. ಮನಿಯಾಗ ಇರೋರನ್ನೆಲ್ಲ ಒಬ್ಬೊಬ್ಬರನ್ನೇ ಕೂಡಿಸಿ ಕೇಳ್ತೀನಿ.”

“ಎಲ್ಲಾರನ್ನೂ ಕೇಳ್ಬೇಕೇನ್ರಿ? ಸಾಕಾಕಿ ನಾನು.”

“ನೀವು ಸಾಕ್ತೀರಿ. ಕೂಸು ಅವ್ರೆಲ್ಲರ ನಡುವ ಇರತೈತಲ್ಲ? ಒಬ್ಬರು ಮಾರಿ ಸಿಂಡರಿಸಿದ್ರೂ ಅದಕ್ಕ ತಿಳೀತೈತಿ.” ಮಾಸುಂಬಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇನ್ನೊಂದು ಮಾತು ಈಗೇ ಹೇಳ್ತೀನಿ. ಇದು ದತ್ತಕ ಅಲ್ಲ, ಪೋಷಕತ್ವ. ಕೂಸು ನಿಮ್ಮದಲ್ಲ. ಆಕಿ ಸಂಬಂಧಿಕರು ಯಾರರ ನೆಟ್ಟಗಾಗಿ ಬಂದ್ರ, ಸಮಿತಿಯವ್ರು ವಾಪಸ್ ಕಳಸಬಹುದು. ಹೊಂದ್ಕೊಂಡು ಎರಡು ವರ್ಷ ಇದ್ರ ಆಮ್ಯಾಲ ದತ್ತಕಕ್ಕ ಕೇಳಬಹುದು. ಅಲ್ಲೀತನಕ ನಾವು ಬರ್ತಿರ್ತೀವಿ, ನೋಡ್ತಿರ್ತೀವಿ. ನಿಮಗ ಸಿಟ್ಟು ಬರತೈತಿ. ಬಂದ್ರೂ ಬರ್ತೀವಿ.”

ಶಿವಗಂಗಾಳಿಗೆ ಆಗಲೇ ಸಿಟ್ಟು ಬಂದಿತ್ತು. ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಒಬ್ಬನು ನಗುತ್ತ ಕೂಸು ಕೊಡುತ್ತೇನೆ ಎನ್ನುತ್ತಾನೆ. ಈಕೆ ಕೊಡುವ ಮೊದಲೇ ಕಸಿದುಕೊಳ್ಳುವ ಮಾತಾಡುತ್ತಾರೆ. ಯಾರ ಹತ್ತಿರ ಕೂತು ಇದನ್ನು ವಿಚಾರ ಮಾಡಬೇಕು? ಫೋನು ತೆಗೆದು ರಂಜನಿಯ ಹೆಸರು ನೋಡಿದಳು. ಆ ಹೊತ್ತಿಗೆ ಆಕೆ ಅಡುಗೆಯಲ್ಲಿರುತ್ತಾಳೆ. ಫೋನು ಒಳಗಿಟ್ಟಳು.

ಮುಂದಿನ ವಾರ ಮತ್ತೆ ಟ್ರಸ್ಟಿಗೆ ಹೋದಳು. ಸಹಿ ಮಾಡಿಬಿಡಬೇಕೆಂದೇ ಹೋಗಿದ್ದಳು. ಅನಿಲಕುಮಾರ ಕಾಗದ ತಯಾರಿಟ್ಟಿದ್ದ. ಪೆನ್ನು ಕೈಗೆ ತೆಗೆದುಕೊಂಡು ಆಕೆ ಕೇಳಿದಳು:

“ಆ ಎಂಟು ವರ್ಷದಾಕಿಗೆ ನನ್ನ ವಿಷಯ ಹೇಳೀರೇನು? ಬರ್ತೀನಿ ಅಂದಾಳೇನು?”

“ಹುಡುಗ್ರನ್ನ ಏನ್ ಕೇಳೂದ್ರಿ ಅಕ್ಕಾರ? ಕಳಿಸಿದ ಕಡೆ ಹೋಗ್ತಾವ.”

“ಹೊಂದಲಿಲ್ಲಂದ್ರ?”

“ಹೊಂದಲಿಲ್ಲಂದ್ರ ತಂದು ಬಿಡ್ರಿ. ಬ್ಯಾರೆದ್ದು ಕೊಡ್ತೀವಿ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆಕೆಗೆ ಸಮಾಧಾನವಾಗಲಿ ಎಂದೇ ಹೇಳಿದ. ಆದರೆ ಶಿವಗಂಗಾಳ ಕೈ ಅಲ್ಲೇ ನಿಂತಿತು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, “ನನ್ನ ಬಸ್ಸಿಗೆ ಹೊತ್ತಾತು,” ಎಂದು ಎದ್ದಳು. ಅವನು ಬಾಗಿಲತನಕ ಬಂದು, “ಯಾಕ್ರಿ, ಏನರ ತಪ್ಪಾತೇನು?” ಎಂದು ಕೇಳಿದ. ಆಕೆ ನಿಲ್ದಾಣದ ಕಡೆ ನಡೆದಳು. ಮರುದಿನದಿಂದ ಅವನು ಬಸ್ ಹತ್ತಿದಾಗ ಇಬ್ಬರೂ ಟಿಕೆಟ್ಟಿನಷ್ಟೇ ಮಾತಾಡಿದರು.

ಎಂಟು ಹಾಳೆಯ ಅರ್ಜಿ ತುಂಬಲು ಆಕೆಗೆ ಹತ್ತು ದಿನ ಹಿಡಿಯಿತು. ಏಪ್ರಿಲ್ ಕೊನೆಯ ವಾರ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ ಮಾಸುಂಬಿ ಮನೆಗೆ ಬಂದರು. ಕರಿಬಸಯ್ಯ ಹೆಸರು ಕೇಳಿ, ಪೂಜೆಯ ಕೋಣೆಯ ಬಾಗಿಲು ಎಳೆದುಕೊಂಡು ಬಂದು ಕೂತರು. ಬಂದವರಿಗೆ ಚಹಾ ಕಾಗದದ ಕಪ್ಪಿನಲ್ಲಿ ಬಂತು. ಮಾಸುಂಬಿ ಅದನ್ನು ಕುಡಿದು, ಕಪ್ಪನ್ನು ತಮ್ಮ ಚೀಲದ ಪಕ್ಕದಲ್ಲೇ ಇಟ್ಟುಕೊಂಡರು.

ಕರಿಬಸಯ್ಯ ಮತ್ತೆ ಕುಲದ ಮಾತೆತ್ತಿದರು. “ನನಗ ಎಪ್ಪತ್ತಾರು. ನಾ ಇರೋತನಕ ಈ ಮನಿ ಹಿಂಗೇ ಇರ್ಲಿ. ಆಮ್ಯಾಲ ಏನರ ಮಾಡ್ಕೊಳ್ಳಿ.”

ಗುರುಬಸವ ಬೀಗರ ಮಾತು ತೆಗೆದು, ಕೊನೆಗೆ, “ದೊಡ್ಡ ಹುಡುಗಿ ಆದ್ರ ನೋಡೂಣು,” ಎಂದ. ಮಾಸುಂಬಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, “ಅವ್ವಾರ, ನೀವು ಬರ್ರಿ,” ಎಂದರು.

“ನನ್ನದೇನೈತ್ರಿ,” ವೀರಭದ್ರಮ್ಮ ಬಾಗಿಲಲ್ಲೇ ನಿಂತಳು. “ಅವ್ರೆಲ್ಲ ಹೇಳ್ಯಾರಲ್ಲ.”

“ನಿಮ್ಮದೂ ಬೇಕು.”

ವೀರಭದ್ರಮ್ಮ ಮೊಳಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಇಪ್ಪತ್ನಾಕು ವರ್ಷ ಆತು ಈ ಮನಿಗೆ ಬಂದು. ಬೇಕೇನು ಬ್ಯಾಡೇನು ಅಂತ ನನ್ನ ಯಾರೂ ಕೇಳಿದ್ದಿಲ್ಲ. ಇವತ್ತ ಕೇಳೀರಿ, ಖರೇ ಹೇಳ್ತೀನಿ. ನನಗ ಬ್ಯಾಡ. ಈಕಿ ನಸುಕಿನ್ಯಾಗ ಡ್ಯೂಟಿಗೆ ಹೋಗ್ತಾಳ, ಸಂಜಿಗೆ ಬರ್ತಾಳ. ಕೂಸಿಗೆ ಜಳಕ ಮಾಡ್ಸೋರ್ಯಾರು? ಡಬ್ಬಿ ಕಟ್ಟೋರ್ಯಾರು? ಜ್ವರ ಬಂದ್ರ ದವಾಖಾನಿಗೆ ಓಡೋರ್ಯಾರು? ರಂಜನಿ ಅತ್ತಿ ಕೋಣ್ಯಾಗ ಮಕ್ಕೊಂಡ್ಳು. ಎಲ್ಲಾರೂ ಅತ್ತಿನೇ ಬೆಳೆಸಿದ್ಳು ಅಂದ್ರು. ಹಗಲೆಲ್ಲ ಬೆಳೆಸಿದಾಕಿ ನಾನು. ಇನ್ನೊಂದು ನನ್ನ ಕೈಲಾಗಂಗಿಲ್ರಿ.”

ಗುರುಬಸವ, “ಏಯ್, ಏನ್ ಮಾತಾಡಾಕತ್ತಿ?” ಎಂದ. ಮಾಸುಂಬಿ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು.

ಶಿವಗಂಗಾ ಗೋಡೆಗೆ ಒರಗಿ ನಿಂತಿದ್ದಳು. ರಂಜನಿಯ ಜ್ವರ, ಹಲ್ಲುನೋವು, ಶಾಲೆಯ ಸಭೆ ಯಾವುದೂ ಆಕೆಗೆ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ರಾತ್ರಿ ಹೇಳಿದ ಕಥೆಗಳು ಮಾತ್ರ.

ಬಸ್ ನಿಲ್ದಾಣದತನಕ ಮಾಸುಂಬಿಯನ್ನು ಬಿಡಲು ಹೋದಾಗ ಅವರು ಹೇಳಿದರು: “ಈ ಮನಿಗೆ ಕೂಸು ಕೊಡಬಹುದು ಅಂತ ನನಗ ಬರಿಯಾಕಾಗಂಗಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ.”

“ನಮ್ಮ ವೈನಿ ಸುಳ್ಳು ಹೇಳಿಲ್ರಿ,” ಎಂದಳು ಶಿವಗಂಗಾ. ಆಮೇಲೆ ಕೇಳಿದಳು: “ನಂದೇ ಬ್ಯಾರೆ ಮನಿ ಇದ್ರ?”

ಮಾಸುಂಬಿ ತಿರುಗಿ ನೋಡಿದರು. “ಬ್ಯಾರೆ ಮನಿ ಇದ್ರ ಬ್ಯಾರೆ ಅರ್ಜಿ. ಆದ್ರ ನಸುಕಿನ ಡ್ಯೂಟಿ ನಡಿಯಂಗಿಲ್ಲ.”

ಶಿವಗಂಗಾ ಡಿಪೊ ಮ್ಯಾನೇಜರರ ಹತ್ತಿರ ಮೂರು ಸಲ ಹೋದಳು. ಮಸ್ಕಿ ನಿಲ್ದಾಣದಲ್ಲಿ ವಿದ್ಯಾರ್ಥಿಗಳಿಗೆ ಪಾಸ್ ಕೊಡುವ, ಬಂದವರಿಗೆ ಬಸ್ಸಿನ ವೇಳೆ ಹೇಳುವ ಕೌಂಟರಿಗೆ ಆಳು ಬೇಕಿತ್ತು. ಯಾರೂ ಹೋಗಲೊಲ್ಲದ ಜಾಗ. ಮೇ ತಿಂಗಳ ಕೊನೆಗೆ ಆಕೆಗೆ ಅದು ಮಂಜೂರಾಯಿತು. ಗುಡ್ಡದ ಕೆಳಗಿನ ಓಣಿಯಲ್ಲಿ ಜಂಗ್ಲಿಸಾಬ್ ಎಂಬ ಮುದುಕರ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕವು.

ಮನೆ ಬಿಡುವ ದಿನ ಗುರುಬಸವ ಗದ್ದಲ ಮಾಡಿದ.

“ಊರ ಮಂದಿ ಏನಂತಾರ? ತಂಗಿನ್ನ ಹೊರಗ ಹಾಕಿದ್ರು ಅಂತಾರ. ಮಗಳ ಮದುವಿ ಮುಗೀತು, ಇನ್ನ ಈಕಿ ಬ್ಯಾಡಾದ್ಳು ಅಂತಾರ.”

“ನೀವೇನೂ ಅನ್ನಬ್ಯಾಡ್ರಿ. ನೌಕರಿ ಮಸ್ಕಿಗೆ ಆತು ಅಂತ ಹೇಳ್ರಿ. ಸುಳ್ಳಲ್ಲ.”

“ಯಾವ್ದೋ ಕೂಸಿಗೆ ನಮ್ಮನ್ನ ಬಿಟ್ಟು ಹೋಗ್ತೀ ಅಲ್ಲ?”

ಶಿವಗಂಗಾ ಚೀಲ ಕೆಳಗಿಟ್ಟು, ತಂದೆಯ ಕಾಲಿಗೆ ನಮಸ್ಕಾರ ಮಾಡಿದಳು. ಕರಿಬಸಯ್ಯ ಆಕೆಯ ಹಣೆಗೆ ವಿಭೂತಿ ಹಚ್ಚಿದರು. ವೀರಭದ್ರಮ್ಮ ಒಂದು ಡಬ್ಬಿ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿ ಆಟೋದಲ್ಲಿಟ್ಟಳು.

ಮಸ್ಕಿಯಲ್ಲಿ ಆಕೆಗೆ ಮೊದಲು ಬಂದ ಕಷ್ಟ ಅಡುಗೆಯದು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದೇ ತಿಳಿಯುತ್ತಿರಲಿಲ್ಲ. ಮೂರು ರೊಟ್ಟಿ ಬಡಿದರೆ ಒಂದು ಉಳಿಯುತ್ತಿತ್ತು, ಎರಡು ಬಡಿದರೆ ಒಲೆ ಹಚ್ಚಿದ್ದೇ ದಂಡ ಅನ್ನಿಸುತ್ತಿತ್ತು. ಸಂಜೆ ಐದೂವರೆಗೆ ಕೌಂಟರ್ ಮುಚ್ಚಿ ಬಂದು ಬಾಗಿಲು ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಸಿಂಧನೂರಿನಲ್ಲಿ ಆಕೆಯನ್ನು ಯಾರೂ ಮಾತಾಡಿಸದಿದ್ದರೂ ಪಕ್ಕದ ಕೋಣೆಯಲ್ಲಿ ಕೆಮ್ಮು ಕೇಳುತ್ತಿತ್ತು, ಪಾತ್ರೆ ಸಪ್ಪಳವಾಗುತ್ತಿತ್ತು. ಅದೂ ಒಂದು ಸಂಗಾತಿಯಾಗಿತ್ತು ಎಂದು ಈಗ ತಿಳಿಯಿತು. ಜಂಗ್ಲಿಸಾಬರು ಒಮ್ಮೊಮ್ಮೆ ಕೇಳುತ್ತಿದ್ದರು: “ಕೂಸು ಬರ್ತೈತಿ ಅಂದಿದ್ರಲ್ಲವ್ವ, ಎಂದ ಬರ್ತೈತಿ?”

“ಬರ್ತೈತ್ರಿ,” ಎನ್ನುತ್ತಿದ್ದಳು.

ಜುಲೈ ತಿಂಗಳಲ್ಲಿ, ಆಕೆ ಕೊಟ್ಟ ಹೊಸ ಅರ್ಜಿ ಹಿಡಿದು ಮಾಸುಂಬಿ ಬಂದರು. ಎರಡೂ ಕೋಣೆ, ಬಚ್ಚಲು, ನೀರಿನ ತೊಟ್ಟಿ, ಹತ್ತಿರದ ಶಾಲೆ ಎಲ್ಲ ನೋಡಿದರು. ಮನೆಯ ಸದಸ್ಯರ ಹೆಸರು ಬರೆಯುವಲ್ಲಿ ಒಂದೇ ಹೆಸರು ಬರೆದು, ಕೆಳಗಿನ ಜಾಗಕ್ಕೆಲ್ಲ ಗೆರೆ ಎಳೆದರು. ಆ ಗೆರೆ ಹಾಳೆಯ ಕೊನೆತನಕ ಹೋಯಿತು.

“ಇಲ್ಲಿ ತಕರಾರು ಮಾಡೋರ್ಯಾರೂ ಇಲ್ಲ,” ಎಂದಳು ಶಿವಗಂಗಾ.

“ಹೌದು. ಆದ್ರ ನಿಮಗೇ ಹುಷಾರಿಲ್ಲಂದ್ರ ಕೂಸನ್ನ ನೋಡೋರು ಯಾರು? ಒಬ್ಬರ ಹೆಸರು, ಸಹಿ ಬೇಕು. ಹೆಂಗಸರಾದ್ರ ಚಲೋ.”

ಶಿವಗಂಗಾ ರಂಜನಿಗೆ ಫೋನು ಮಾಡಿದಳು. ಹುಡುಗಿ ದನಿ ತಗ್ಗಿಸಿ, “ಅತ್ತಿ, ನನ್ನ ಸಹಿ ಅಂದ್ರ ಇಲ್ಲಿ ನಮ್ಮತ್ತಿನ್ನ ಕೇಳ್ಬೇಕಾಗತೈತಿ,” ಎಂದಳು. “ಸಿಟ್ಟಾಗಬ್ಯಾಡ.”

“ಸಿಟ್ಟ್ಯಾಕವ್ವ. ಉಂಡ್ಯಾ?”

“ಉಂಡೆ. ನೀ?”

“ಉಂಡೀನಿ,” ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಮೂರನೆಯ ದಿನ, ಕೌಂಟರಿನ ಮುಂದೆ ಪಾಸಿಗೆ ನಿಂತ ಹುಡುಗರ ಹಿಂದೆ ವೀರಭದ್ರಮ್ಮ ಕಾಣಿಸಿದಳು. ಒಬ್ಬಳೇ ಬಂದಿದ್ದಳು. ಇಷ್ಟು ವರ್ಷದಲ್ಲಿ ವೈನಿ ಒಬ್ಬಳೇ ಬಸ್ ಹತ್ತಿದ್ದನ್ನು ಶಿವಗಂಗಾ ನೋಡಿರಲಿಲ್ಲ.

“ರಂಜನಿ ಹೇಳಿದ್ಳು,” ಎಂದಳು ವೀರಭದ್ರಮ್ಮ, ಕಿಟಕಿಯ ಸರಳು ಹಿಡಿದು. “ಎಲ್ಲಿ ಸಹಿ ಮಾಡ್ಬೇಕು?”

“ವೈನಿ, ನೀನೇ ಬ್ಯಾಡ ಅಂದಿದ್ದಿ.”

“ನನ್ನ ಮನಿಗೆ ಬ್ಯಾಡ ಅಂದೆ. ಇದು ನಿನ್ನ ಮನಿ. ನೀ ಹುಷಾರಿಲ್ಲದ ಮಕ್ಕೊಂಡ್ರ ನಾಕು ದಿನ ಬಂದು ಗಂಜಿ ಕಾಸಾಕ ನನಗೇನು ಬ್ಯಾನಿ?”

“ಅಣ್ಣಗ ಗೊತ್ತೈತೇನು?”

“ಗೊತ್ತಿಲ್ಲ. ದವಾಖಾನಿಗೆ ಹೋಗ್ತೀನಂದೀನಿ. ಜಲ್ದಿ ತಾ, ನಾಕಕ್ಕ ಬಸ್ಸೈತಿ.”

ಸಹಿ ಮಾಡಿ ಆಕೆ ಚಹಾ ಕೂಡ ಕುಡಿಯದೆ ಹೊರಟಳು. ಶಿವಗಂಗಾ ಬಸ್ಸಿನ ಕಿಟಕಿಯ ಕೆಳಗೆ ನಿಂತಿದ್ದಳು. ಇಬ್ಬರಿಗೂ ಹೇಳುವುದು ಬಹಳವಿತ್ತು. ಬಸ್ ಹೊರಡುವತನಕ ಮೊಳಕಾಲಿನ ಮುಲಾಮಿನ ವಿಷಯ ಮಾತಾಡಿದರು.

ಆಗಸ್ಟ್ ಕೊನೆಗೆ ರಾಯಚೂರಿನಿಂದ ಕರೆ ಬಂತು. ಮೌನೇಶ್ವರಿ ಎಂಬ ಒಂಬತ್ತು ವರ್ಷದ ಹುಡುಗಿ. ತಂದೆ ಇಲ್ಲ. ತಾಯಿ ತುರ್ವಿಹಾಳದ ಕಡೆ ಭತ್ತದ ನಾಟಿಗೆ ಬಂದವಳು, ಮಗಳನ್ನು ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಹುಡುಕಿದರೂ ಸಿಕ್ಕಿರಲಿಲ್ಲ. ಹುಡುಗಿ ರಾಯಚೂರಿನ ಸರ್ಕಾರಿ ಬಾಲಮಂದಿರದಲ್ಲಿದ್ದಳು. ಶಿವಗಂಗಾ ಇಳಕಲ್ ಸೀರೆ ಉಟ್ಟು, ಒಂದು ಡಬ್ಬಿ ಶೇಂಗಾ ಉಂಡೆ ಕಟ್ಟಿಕೊಂಡು ಹೋದಳು. ಮಕ್ಕಳ ಕಲ್ಯಾಣ ಸಮಿತಿಯವರು ಮೇಜಿನ ಆಚೆ ಕೂತಿದ್ದರು. ಮಾಸುಂಬಿ ಗೋಡೆಯ ಪಕ್ಕದಲ್ಲಿದ್ದರು. ಹುಡುಗಿ ಬಂದಳು. ಕಪ್ಪಗೆ, ಸಣ್ಣಗೆ, ಗಟ್ಟಿ ದವಡೆಯ ಹುಡುಗಿ. ಯಾರಿಗೂ ಹೆದರಿದಂತೆ ಕಾಣಲಿಲ್ಲ.

“ಮೌನೇಶ್ವರಿ, ಇವರು ಶಿವಗಂಗಮ್ಮ. ಮಸ್ಕಿಯಾಗ ಇರ್ತಾರ. ಇವರ ಸಂಗಾಟ ಹೋಗಿ ಇರ್ತೀಯೇನು?” ಎಂದು ಅಧ್ಯಕ್ಷರು ಕೇಳಿದರು.

ಹುಡುಗಿ ಶಿವಗಂಗಾಳನ್ನು ತಲೆಯಿಂದ ಕಾಲತನಕ ನೋಡಿದಳು. ಡಬ್ಬಿಯನ್ನೂ ನೋಡಿದಳು.

“ಇಲ್ರಿ,” ಎಂದಳು.

ಯಾಕೆಂದು ಕೇಳಿದರು. ಬಾಲಮಂದಿರದಲ್ಲಿ ಗೆಳತಿ ಇದ್ದಾಳೆ, ಅಷ್ಟೇ ಎಂದಳು. ಅವರು ಮತ್ತೆ ಕೇಳಲಿಲ್ಲ. ಬರೆದುಕೊಂಡರು.

ಹೊರಗೆ ಮರದ ನೆರಳಿನಲ್ಲಿ ಶಿವಗಂಗಾ ಸೆರಗಿನಿಂದ ಕಣ್ಣು ಒತ್ತಿಕೊಳ್ಳುವುದನ್ನು ಮಾಸುಂಬಿ ನೋಡಿಯೂ ನೋಡದಂತೆ ನಿಂತಿದ್ದರು.

“ಬ್ಯಾರೆ ಕೂಸು ನೋಡೂಣೇನು?” ಎಂದು ಕೊನೆಗೆ ಕೇಳಿದರು.

“ಬ್ಯಾಡ್ರಿ,” ಎಂದಳು ಶಿವಗಂಗಾ ತಟ್ಟನೆ. “ಕೇಳಿದ್ರಿ, ಆಕಿ ಹೇಳಿದ್ಳು. ಅದಕ್ಕೇ ಅಲ್ಲೇನ್ರಿ ನಾ ಟ್ರಸ್ಟ್ ಬಿಟ್ಟು ಇಲ್ಲಿಗೆ ಬಂದದ್ದು? ಆಕಿನ್ನ ಬಂದು ನೋಡಾಕ ಬಿಡ್ತಾರೇನು?”

“ಅರ್ಜಿ ಕೊಡ್ರಿ. ಐತವಾರ ಬಿಡ್ತಾರ.”

ಡಬ್ಬಿಯನ್ನು ಬಾಲಮಂದಿರದಲ್ಲಿ ಕೊಟ್ಟು ಬಂದಳು. ಸಂಜೆ ಮಸ್ಕಿಯಲ್ಲಿ ಇಳಿದಾಗ ಜಂಗ್ಲಿಸಾಬರು ಕಟ್ಟೆಯ ಮೇಲೆ ಕೂತಿದ್ದರು. ಆಕೆಯ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಸರಿದು ಜಾಗ ಮಾಡಿಕೊಟ್ಟರು.

ಮೊದಲ ಐತವಾರ ಮೌನೇಶ್ವರಿ ಗೆಳತಿಯ ಕೈ ಹಿಡಿದುಕೊಂಡೇ ಬಂದು ಕೂತು, ಒಂದೂ ಮಾತಾಡದೆ ಹೋದಳು. ಎರಡನೆಯ ಸಲ ಇಬ್ಬರೂ ಹುಡುಗಿಯರು ಉಂಡೆ ತಿಂದು, ಡಬ್ಬಿ ತೊಳೆದು ತಂದುಕೊಟ್ಟರು. ಸೆಪ್ಟೆಂಬರ್ ನಡುವಿನ ಐತವಾರ ಮೌನೇಶ್ವರಿ ಒಬ್ಬಳೇ ಬಂದಳು. ಗೆಳತಿಯನ್ನು ದಸರೆಯ ರಜೆಗೆ ಅವಳ ಅಜ್ಜಿ ಬಂದು ಕರೆದುಕೊಂಡು ಹೋಗುತ್ತಾರಂತೆ. ಅದನ್ನು ಹೇಳಿ ಬಹಳ ಹೊತ್ತು ನೆಲ ಕೆರೆದಳು.

“ನಿಮ್ಮ ಮನಿಯಾಗ ಯಾರ್ಯಾರು ಅದಾರ್ರಿ?”

“ನಾನೊಬ್ಬಾಕೇ.”

“ಗಂಡ?”

“ಇಲ್ಲ.”

“ಮಕ್ಳು?”

“ಇಲ್ಲ.”

“ರಾತ್ರಿ ಅಂಜಿಕಿ ಬರಂಗಿಲ್ಲೇನು?”

“ಒಮ್ಮೊಮ್ಮೆ ಬರ್ತೈತಿ.”

ಹುಡುಗಿ ಆಕೆಯ ಮುಖವನ್ನೇ ನೋಡಿದಳು. “ಅದಕ್ಕ ನನ್ನ ಕರಕೊಂಡು ಹೋಗಾಕ ಬಂದೀರೇನು?”

ಶಿವಗಂಗಾಳ ನಾಲಗೆಯ ತುದಿಗೆ ಬೇರೆ ಮಾತುಗಳು ಬಂದವು. ನಿನ್ನನ್ನು ಓದಿಸುತ್ತೇನೆ, ನಿನಗೊಂದು ಮನೆ ಬೇಕಲ್ಲ, ಅಂಥ ಮಾತುಗಳು. ಅವನ್ನೆಲ್ಲ ನುಂಗಿಕೊಂಡಳು.

“ಹೌದವ್ವ,” ಎಂದಳು. “ಅದಕ್ಕ.”

ಮೌನೇಶ್ವರಿ ನೆಲ ಕೆರೆಯುವುದನ್ನು ನಿಲ್ಲಿಸಿದಳು. ದೊಡ್ಡವರ ಬಾಯಿಂದ ಅಂಥ ಉತ್ತರ ಅವಳಿಗೆ ಹೊಸದಿರಬೇಕು.

“ದಸರಾ ಸೂಟಿಗೆ ಬರ್ತೀನಿ. ಹತ್ತು ದಿನ. ಬರೇ ಹತ್ತು ದಿನ.”

“ಬರೇ ಹತ್ತು ದಿನ.”

“ಆಮ್ಯಾಲ ಇಲ್ಲೇ ಬಿಡ್ಬೇಕು ಮತ್ತ.”

“ನಾನೇ ತಂದು ಬಿಡ್ತೀನಿ.”

ಇಬ್ಬರೂ ಎದ್ದು ಮೇಲ್ವಿಚಾರಕಿಯ ಕೋಣೆಗೆ ಹೋದರು. ಮೇಲ್ವಿಚಾರಕಿ ಒಂದು ಬಿಳಿ ಹಾಳೆ ಕೊಟ್ಟು, ಸಮಿತಿಗೆ ಕೋರಿಕೆ ಬರೆಯಿರಿ, ಎಷ್ಟು ದಿನ ಎಂದು ಸ್ಪಷ್ಟವಾಗಿ ಬರೆಯಿರಿ ಎಂದರು. ಶಿವಗಂಗಾ ಮೇಜಿನ ತುದಿಯಲ್ಲಿ ಕೂತು ಬರೆಯತೊಡಗಿದಳು. ಮೌನೇಶ್ವರಿ ಕುರ್ಚಿಯ ಪಕ್ಕಕ್ಕೆ ಬಂದು, ಕತ್ತು ಚಾಚಿ, ಹತ್ತು ಎಂದೇ ಬರೆಯುತ್ತಾಳೋ ಇಲ್ಲವೋ ಎಂದು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತ ನಿಂತಳು.